ಕಹಿಬೇರು ಕುಡಿದವರ ಮನೆಗಳು

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯಲ್ಲಿ ಕೂಗಾಡಬಾರದಂತೆ. ಮನೆಯಲ್ಲಿ ಕೂಗಾಡಿದರೆ ನಮ್ಮವರು ಎದ್ದು ಹೋಗಿ ಕಿಟಕಿ ಮುಚ್ಚುತ್ತಾರೆ. ನಾನು ಕಲಿಸುವ ಡ್ರೈವಿಂಗ್ ಶಾಲೆಯಲ್ಲಿ ಕೂಗಾಡಿದರೆ ಕಲಿಯುವವರು ಬ್ರೇಕು ಬಿಟ್ಟು ಆಕ್ಸಿಲರೇಟರ್ ತುಳಿಯುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾಗದ ನನಗೆ "ಸ್ವಲ್ಪ ಮೆತ್ತಗೆ" ಎನ್ನುವುದಿಲ್ಲ.

ಪುಟ್ಟಿಯ ಎರಡೂ ಕಿಡ್ನಿ ಹೋಗಿವೆ.

ಬರೆದು, ಓದಿ ನೋಡಿದೆ. ಆದರೂ ನಂಬಲಾಗುತ್ತಿಲ್ಲ. ನನ್ನ ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕೂತು, ಬಂದವರನ್ನೆಲ್ಲ ನಗಿಸಿ ಕಳಿಸುವವಳು. ಚಳಿ ಶುರುವಾದಾಗಿನಿಂದ ಸುಸ್ತು ಸುಸ್ತು ಎನ್ನುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ. ಬಾಯಲ್ಲಿ ಸದಾ ನಾಣ್ಯ ಇಟ್ಟುಕೊಂಡ ಹಾಗಿದೆ, ಏನು ತಿಂದರೂ ಸೇರುವುದಿಲ್ಲ ಎನ್ನುತ್ತಿದ್ದಳು. ಬೀದಿಯ ಕ್ಲಿನಿಕ್ಕಿನವನು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟ. ಅವಳು ನುಂಗಿದಳು. ನಿನ್ನೆ ಕೌಂಟರಿನ ಹಿಂದೆಯೇ ಕುಸಿದು ಬಿದ್ದಳು.

ಕಿಡ್ನಿ ಡಾಕ್ಟರಮ್ಮ ಒಳ್ಳೆಯವರು. ಸುತ್ತಿ ಬಳಸಿ ಮಾತಾಡುವುದಿಲ್ಲ. ಸ್ಕ್ಯಾನಿನ ಚಿತ್ರ ತೋರಿಸಿ, "ಎರಡೂ ಒಣಗಿ ಮುದುರಿಕೊಂಡಿವೆ. ಸೂಜಿ ಹಾಕಿ ಚೂರು ತೆಗೆಯೋಕೂ ಭಯ ಆಗುವಷ್ಟು" ಎಂದರು. ಆಮೇಲೆ ಪುಟ್ಟಿಯನ್ನು ಕೇಳಿದರು, "ನೋವಿನ ಮಾತ್ರೆ ಜಾಸ್ತಿ ತಗೋತಿದ್ರಾ?"

"ಇಲ್ಲಪ್ಪ! ನಾನು ಮಾತ್ರೆ ಮುಟ್ಟೋದೇ ಇಲ್ಲ" ಎಂದಳು ಪುಟ್ಟಿ, ಹೆಮ್ಮೆಯಿಂದ.

"ಸೊಂಟನೋವು ಇತ್ತು ಅಂದ್ರಲ್ಲ, ಅದಕ್ಕೆ?"

"ಅದಕ್ಕೆ ಅಪ್ಪನ ಕಷಾಯ."

ಡಾಕ್ಟರಮ್ಮನ ಪೆನ್ನು ನಿಂತಿತು. ಯಾವ ಕಷಾಯ, ಯಾವ ಬೇರು, ಎಷ್ಟು ಕಾಲದಿಂದ ಎಂದು ಕೇಳಿದರು. ಎರಡು ವರ್ಷದ ಮೇಲಾಯಿತು, ದಿನಾ ಬೆಳಗ್ಗೆ ಒಂದು ಲೋಟ, ಕಹಿಬೇರು ಎಂದಳು ಪುಟ್ಟಿ. ಕೆಲವು ಬಳ್ಳಿಗಳ ಬೇರಿನಲ್ಲಿ ಕಿಡ್ನಿ ಸುಡುವ ವಸ್ತು ಇರುತ್ತದೆ, ಇಂಥವರನ್ನು ಮೊದಲೂ ನೋಡಿದ್ದೇನೆ, ಬೇರು ಸಿಕ್ಕಿದರೆ ಪರೀಕ್ಷೆ ಮಾಡಿಸೋಣ ಎಂದರು ಡಾಕ್ಟರಮ್ಮ.

ನಾಳೆ ಬೆಳಗಾಗುತ್ತಲೇ ಅಪ್ಪನ ಬೇರಿನ ಅಂಗಡಿಗೆ ಹೋಗುತ್ತೇನೆ.

ಮಾರ್ಚ್ 5, ಬುಧವಾರ

ಅಂಗಡಿಗೆ ಹೋಗಿದ್ದೆ. ಎಂದಿನಂತೆ ಬೆಂಚಿನ ತುಂಬ ಜನ. ಗೋಡೆಗೆಲ್ಲ ಮರದ ಸಣ್ಣ ಸಣ್ಣ ಡ್ರಾಯರುಗಳು, ಒಣಗಿದ ತೊಗಟೆಯ ಅದೇ ವಾಸನೆ. ಅಪ್ಪ, ಊರಿಗೆಲ್ಲ ಬೇರಿನ ವೈದ್ಯರು, ತಕ್ಕಡಿ ಹಿಡಿದು ಏನನ್ನೋ ತೂಗುತ್ತಿದ್ದರು. ನನ್ನನ್ನು ನೋಡಿ ನಕ್ಕರು.

"ಪುಟ್ಟಿಗೆ ಹೆಂಗಿದೆ? ಇವತ್ತು ಗಟ್ಟಿಯಾಗಿ ಕಾಯಿಸಿ ತರ್ತೀನಿ."

"ನಿಮ್ಮ ಕಹಿಬೇರು ಅವಳ ಕಿಡ್ನಿ ತಿಂದು ಹಾಕಿದೆ" ಎಂದೆ. ಮೆತ್ತಗೇನಲ್ಲ.

ತಕ್ಕಡಿ ಅಲುಗಲಿಲ್ಲ. "ಯಾರು ಹೇಳಿದ್ದು?"

"ಡಾಕ್ಟರು."

"ಅವರಿಗೆ ಬೇರು ಯಾವುದು, ಕಾಂಡ ಯಾವುದು ಗೊತ್ತೇನಮ್ಮ?"

ಬೆಂಚಿನವರು ನಕ್ಕರು. ನನ್ನ ತಂಗಿ ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡು ಯಂತ್ರದ ಪಕ್ಕ ಮಲಗಿದ್ದಾಳೆ, ಇಲ್ಲಿ ಜನ ನಗುತ್ತಾರೆ!

"ನಮ್ಮಪ್ಪ ಕೊಟ್ಟಿದ್ದೂ ಇದನ್ನೇ, ಅವರಪ್ಪ ಕೊಟ್ಟಿದ್ದೂ ಇದನ್ನೇ. ಇದನ್ನ ಕುಡಿದು ಸತ್ತೋರು ಒಬ್ಬರನ್ನ ತೋರ್ಸು, ಈಗಲೇ ಬಾಗಿಲು ಹಾಕ್ತೀನಿ. ಊರಿಗೆಲ್ಲ ಒಳ್ಳೇದು ಮಾಡಿದ ಬೇರು ಮಗಳಿಗೆ ಕೆಟ್ಟದ್ದು ಮಾಡುತ್ತಾ?"

ಕೈಗೆ ಸಿಕ್ಕಿದ ಡ್ರಾಯರನ್ನು ಎಳೆದು ನೆಲಕ್ಕೆ ಸುರಿದೆ. ಅದು ಕಹಿಬೇರೂ ಆಗಿರಲಿಲ್ಲ, ಯಾವುದೋ ಬಡಪಾಯಿ ಬೀಜ. ಎಲ್ಲ ಕಡೆ ಉರುಳಿತು. ಒಬ್ಬ ಮುದುಕಿ ಬಗ್ಗಿ ಆರಿಸತೊಡಗಿದಳು, ನನ್ನ ಕಡೆ ಹುಚ್ಚಿಯನ್ನು ನೋಡುವ ಹಾಗೆ ನೋಡುತ್ತ.

ಇನ್ನು ಮೇಲೆ ಅಪ್ಪ ಎಂದು ಬರೆಯುವುದಿಲ್ಲ. ಗೌರವದ ಮಾತೂ ಬೇಡ. ಆ ಮನುಷ್ಯ. ಅಷ್ಟೇ.

ಮಾರ್ಚ್ 8, ಶನಿವಾರ

ಇವತ್ತು ಕಲಿಯಲು ಬಂದ ಬ್ಯಾಂಕಿನವಳು ತಿರುವಿನಲ್ಲಿ ಸಿಗ್ನಲ್ ಹಾಕಲಿಲ್ಲ. ಗಾಡಿ ನಿಲ್ಲಿಸಿ ಬೈದೆ. ಅತ್ತಳು. ಬೈದಿದ್ದು ಅವಳನ್ನಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಸಿಗ್ನಲ್ ಹಾಕದೇ ಇದ್ದದ್ದೂ ತಪ್ಪೇ ತಾನೆ.

ಮಾರ್ಚ್ 12, ಬುಧವಾರ



ಪಾಠ ಮುಗಿಸಿ ಮಧ್ಯಾಹ್ನ ವಾರ್ಡಿಗೆ ಹೋದೆ. ಪುಟ್ಟಿ ಗಡಿಬಿಡಿಯಲ್ಲಿ ಏನನ್ನೋ ದಿಂಬಿನ ಹಿಂದೆ ಸರಿಸಿದಳು. ಎಳೆದು ನೋಡಿದರೆ ಫ್ಲಾಸ್ಕು. ಮುಚ್ಚಳ ತೆಗೆದೆ. ಆ ವಾಸನೆಯನ್ನು ನಾನು ಸತ್ತು ಹುಟ್ಟಿದರೂ ಮರೆಯುವುದಿಲ್ಲ.

"ಕುಡಿದೆಯಾ?"

"ಎರಡೇ ಗುಟುಕು ಅಕ್ಕ."

ತೊಟ್ಟಿಗೆ ಸುರಿದೆ. ಫ್ಲಾಸ್ಕನ್ನು ಕಸದ ಡಬ್ಬಿಗೆ ಎಸೆದ ಸದ್ದಿಗೆ ಪಕ್ಕದ ಹಾಸಿಗೆಯವರು ಬೆಚ್ಚಿಬಿದ್ದರು. "ನಿನಗೆ ತಲೆ ಇದೆಯಾ? ಡಾಕ್ಟರು ಅಷ್ಟು ಹೇಳಿದ ಮೇಲೂ ಯಾಕೆ ಕುಡಿದೆ?"

"ಅಪ್ಪ ಇಲ್ಲೇ ಕೂತಿದ್ರು ಅಕ್ಕ. ಅಳ್ತಾ ಇದ್ರು. ಲೋಟ ಹಿಡ್ಕೊಂಡು ಅಳ್ತಾ ಇರೋವಾಗ ಹೆಂಗೆ ಬೇಡ ಅನ್ಲಿ?"

ಇದು ನಮ್ಮ ಪುಟ್ಟಿ. ಪ್ರಾಣ ಹೋಗುತ್ತಿದ್ದರೂ ಎದುರಿದ್ದವರ ಮನಸ್ಸು ನೋಯಬಾರದು.

ಕಾವಲಿನವನಿಗೆ ಆ ಮನುಷ್ಯನ ಚಹರೆ ಹೇಳಿ, ಒಳಗೆ ಬಿಡಬೇಡಿ ಎಂದೆ. "ಯಾರು ಮೇಡಂ ಅವನು?" ಎಂದು ಕೇಳಿದ. "ಯಾರೂ ಅಲ್ಲ" ಎಂದೆ.

ನಮ್ಮವರು ರಾತ್ರಿ ಊಟಕ್ಕೆ ಕೂತಾಗ, "ಅವರು ಬೇಕು ಅಂತ ಮಾಡಿದ್ದಲ್ಲವಲ್ಲ" ಎಂದು ಶುರುಮಾಡಿದರು. ತಟ್ಟೆ ಬಿಟ್ಟು ಎದ್ದೆ. ಬೇಕು ಅಂತ ಮಾಡಿದ್ದರೆ ಪೊಲೀಸಿಗೆ ಹಿಡಿದುಕೊಡಬಹುದಿತ್ತು. ಪ್ರೀತಿಯಿಂದ ಮಾಡಿದವನನ್ನು ಯಾರಿಗೆ ಹಿಡಿದುಕೊಡಲಿ?

ಮಾರ್ಚ್ 18, ಮಂಗಳವಾರ

ಪುಟ್ಟಿಯ ಅಡುಗೆಮನೆಯ ಡಬ್ಬಿಯಲ್ಲಿದ್ದ ಕಹಿಬೇರಿನ ತುಂಡುಗಳನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಕೊಂಡೊಯ್ದೆ. ಕಿಡ್ನಿ ಡಾಕ್ಟರಮ್ಮ ಚೀಟಿ ಕೊಟ್ಟಿದ್ದರು. ಗಿಡಗಳ ರಸಾಯನ ನೋಡುವ ಮೇಡಂ ನನ್ನ ವಯಸ್ಸಿನವರು, ಬೆರಳಿಗೆಲ್ಲ ಹಳದಿ ಕಲೆ. ತುಂಡನ್ನು ಮುರಿದು, ಮೂಸಿ, ಭೂತಗನ್ನಡಿಯಲ್ಲಿ ನೋಡಿದರು. ಮುಖ ಗಂಭೀರವಾಯಿತು.

"ಅರಿಸ್ಟೊಲೋಕಿಕ್ ಆಮ್ಲ ಇರಬಹುದು. ಪರೀಕ್ಷೆ ಮಾಡದೆ ಹೇಳಲ್ಲ."

ಹೆಸರು ಬಾಯಲ್ಲಿ ತಿರುಗುವಷ್ಟರಲ್ಲಿ ಗಾಡಿ ಮೂರನೇ ಗೇರಿಗೆ ಬಂದಿರುತ್ತದೆ. ಅದೇನು ಎಂದು ಕೇಳಿದೆ. ಹುಳ ತಿನ್ನದಿರಲಿ ಎಂದು ಬಳ್ಳಿ ತನಗಾಗಿ ಮಾಡಿಕೊಳ್ಳುವ ವಿಷ ಎಂದರು. ಮನುಷ್ಯರ ದೇಹದಲ್ಲಿ ಅದು ಕಿಡ್ನಿಯ ಒಳಗಿನ ಸಣ್ಣ ನಾಳಗಳನ್ನು ಸುಡುತ್ತಾ ಹೋಗುತ್ತದೆ. ಸದ್ದಿಲ್ಲ, ನೋವಿಲ್ಲ. ಬಳ್ಳಿಗೆ ಅದರಿಂದ ಏನೂ ಆಗುವುದಿಲ್ಲ, ನಮ್ಮ ಜೀವಕೋಶಕ್ಕೆ ಮಾತ್ರ ಅಂಟಿಕೊಂಡುಬಿಡುತ್ತದೆ. ಕುಡಿಯುವುದು ಬಿಟ್ಟ ಮೇಲೂ ಗಾಯ ಬೆಳೆಯುತ್ತದೆ, ವರ್ಷಗಳ ನಂತರ ಮೂತ್ರದ ದಾರಿಯಲ್ಲಿ ಗಡ್ಡೆಯೂ ಬರಬಹುದು.

"ಹಾಗಾದ್ರೆ ನೋವು ಕಡಿಮೆಯಾಗೋದು ಸುಳ್ಳಾ?"

"ಅಲ್ಲ. ಊತ ಇಳಿಸೋ ಗುಣ ಇದರಲ್ಲಿ ಇದ್ದರೂ ಇರಬಹುದು. ಒಂದು ಕಡೆ ಊತ ಇಳಿಸಿ, ಇನ್ನೊಂದು ಕಡೆ ಕೊಲ್ಲುತ್ತೆ. ನೋಡಿ, ನಮ್ಮ ಜ್ವರದ ಮದ್ದು ತೊಗಟೆಯಿಂದ ಬಂತು, ಹೃದಯದ ಮದ್ದು ಎಲೆಯಿಂದ ಬಂತು. ಗಿಡ ಅಂದ ಮಾತ್ರಕ್ಕೆ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಒಳಗೆ ಏನಿದೆ, ಎಷ್ಟಿದೆ ಅಂತ ನೋಡಬೇಕು."

ನಾನು ಒಂದೇ ಒಂದು ಬೇಡಿಕೊಂಡೆ: ಇದು ಬೇರಾವುದೋ ಗಿಡದ ಬೇರಾಗಿರಲಿ. ಅಂಗಡಿಗೆ ಬೇರು ತಂದು ಮಾರುವವನು ಕಲಬೆರಕೆ ಮಾಡಿರಲಿ. ಆಗ ಆ ಮಾರುವವನ ಕತ್ತು ಹಿಡಿಯಬಹುದು.

ಮಾರ್ಚ್ 27, ಗುರುವಾರ

ಕಲಬೆರಕೆ ಇಲ್ಲ. ಬೇರು ಅಪ್ಪಟ. ವಿಷ ಇರುವುದು ಬೇರಿನಲ್ಲೇ, ಹೇರಳವಾಗಿ.

ಸೀದಾ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಬೆಂಚು ಖಾಲಿ. ಆ ಮನುಷ್ಯ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಬಡಿದು ಎಬ್ಬಿಸುವ ಹಾಗೆ ಎಲ್ಲವನ್ನೂ ಹೇಳಿದೆ. ವಾದಕ್ಕೆ ಸಿದ್ಧಳಾಗಿ ಹೋಗಿದ್ದೆ, ಒಂದೊಂದಕ್ಕೂ ಉತ್ತರ ಇತ್ತು ನನ್ನ ಬಳಿ. ವಾದ ಬರಲಿಲ್ಲ.

"ಕುಡಿದ ಮೇಲೆ ಎಷ್ಟು ಕಾಲಕ್ಕೆ ಗೊತ್ತಾಗುತ್ತೆ?" ಎಂದು ಕೇಳಿದ.

"ಕೆಲವರಿಗೆ ತಿಂಗಳು. ಕೆಲವರಿಗೆ ವರ್ಷಗಳು."

"ಮೊದಲು ಏನಾಗುತ್ತೆ?"

"ಪುಟ್ಟಿಗೆ ಆದದ್ದೇ. ರಕ್ತ ಬತ್ತುತ್ತೆ. ಸುಸ್ತು. ಮೈ ಕಡಿತ. ಬಾಯಲ್ಲಿ ನಾಣ್ಯ ಇಟ್ಟ ಹಾಗೆ."

ಅವನು ಕೌಂಟರಿನ ಅಂಚನ್ನು ಹಿಡಿದುಕೊಂಡ. ಆಮೇಲೆ, "ನಿಮ್ಮಮ್ಮನೂ ಹಂಗೇ ಅಂತಿದ್ದಳು" ಎಂದ. "ಬಾಯೆಲ್ಲ ತಾಮ್ರ ತಾಮ್ರ ಅಂತಿದ್ದಳು. ಬೆನ್ನು ಕೆರೆದು ಕೊಡಿ ಅಂತಿದ್ದಳು. ಮಂಡಿನೋವಿಗೆ ಅಂತ ನಾನೇ ಕೊಟ್ಟಿದ್ದು. ಸುಸ್ತು ಅಂದಾಗ..." ನಿಲ್ಲಿಸಿದ. "ಸುಸ್ತು ಅಂದಾಗ ಶಕ್ತಿ ಬರಲಿ ಅಂತ ಜಾಸ್ತಿ ಹಾಕಿದೆ."

ನಾನು ಕಾಲೇಜಿನಲ್ಲಿದ್ದಾಗ ಅಮ್ಮ ಹೋದಳು. ಹೊಟ್ಟೆಗೆ ಏನೂ ಸೇರದೆ, ಬಿಳಿಚಿಕೊಂಡು. ಮೈಯಲ್ಲಿ ರಕ್ತವೇ ಊರಲಿಲ್ಲ ಎಂದಿದ್ದರು ಎಲ್ಲರೂ. ನಾನೂ ಹಾಗೆಯೇ ಹೇಳಿಕೊಂಡು ಬಂದಿದ್ದೆ.

ಬೈಯಬೇಕಿತ್ತು. ತುಂಬ ಇತ್ತು ಬೈಯಲು. ಗಾಡಿಗೆ ಬಂದು ಕೂತೆ. ಕೀಲಿ ತಿರುಗಿಸಲು ಕೈ ಬರಲಿಲ್ಲ.

ಮಾರ್ಚ್ 28, ಶುಕ್ರವಾರ

ಅಮ್ಮ.

ಏಪ್ರಿಲ್ 2, ಬುಧವಾರ

ಮುದುಕ ಡ್ರೈವಿಂಗ್ ಶಾಲೆಯ ಬಾಗಿಲಿಗೆ ಬಂದು ನಿಂತಿದ್ದ. ಕಲಿಯುವವರೆಲ್ಲ ನೋಡುತ್ತಿದ್ದರು. ಅಂಗಡಿ ಮುಚ್ಚಿದ್ದಾನಂತೆ. ಕಹಿಬೇರಿನ ಡ್ರಾಯರನ್ನು ಹಿತ್ತಲಲ್ಲಿ ಸುಟ್ಟನಂತೆ. ಹೊಗೆ ಕುಡಿಯಬಾರದು ಎಂಬ ಬುದ್ಧಿಯೂ ಇಲ್ಲ.

"ಕುಡಿದೋರ ಮನೆಮನೆಗೂ ಹೋಗಿ ಹೇಳ್ಬೇಕು. ನನ್ನ ಮಂಡಿ ನಡೆಯೋಕೆ ಬಿಡಲ್ಲ. ನಿನ್ನ ಗಾಡೀಲಿ ಕರ್ಕೊಂಡು ಹೋಗ್ತೀಯಾ?"

"ಯಾರ್‍ಯಾರು ಅಂತ ಗೊತ್ತಾ?"

"ಮುಖ ನೆನಪಿದೆ. ನೋವು ನೆನಪಿದೆ. ಮನೆ ಕೇಳ್ಕೊಂಡು ಹೋದ್ರಾಯ್ತು."

ಒಪ್ಪಿಕೊಂಡೆ. ಕರುಣೆಯಿಂದ ಅಲ್ಲ. ಒಂದೊಂದು ಬಾಗಿಲಲ್ಲೂ ತನ್ನ ಬಾಯಿಂದಲೇ ಹೇಳಬೇಕಲ್ಲ, ಅದನ್ನು ನಾನು ಎದುರಿಗೆ ನಿಂತು ನೋಡಬೇಕು.

ಏಪ್ರಿಲ್ 6, ಭಾನುವಾರ

ಶಾಲೆಯ ಗಾಡಿ. ಮೇಲೆ ಕಲಿಯುವವರ ಬೋರ್ಡು, ಒಳಗೆ ಎರಡೂ ಕಡೆ ಬ್ರೇಕು. ಎಡಗಡೆ ಕೂತ ಮುದುಕ ನಾನು ವೇಗ ಹೆಚ್ಚಿಸಿದಾಗಲೆಲ್ಲ ಮೆಲ್ಲಗೆ ತನ್ನ ಕಡೆಯ ಬ್ರೇಕು ಒತ್ತುತ್ತಿದ್ದ. "ಅದನ್ನ ಮುಟ್ಟಬೇಡಿ!" ಎಂದು ಗದರಿದೆ. "ಮುಟ್ಟಿಲ್ಲಮ್ಮ, ಕಾಲು ತಾನಾಗೇ ಹೋಯ್ತು" ಎಂದ.

ಮೊದಲು ಟೈಲರಮ್ಮನ ಮನೆ. ಸೊಂಟನೋವಿಗೆ ಒಂದು ವರ್ಷ ಕುಡಿದಿದ್ದಾಳೆ. ಹೊಲಿಗೆ ಯಂತ್ರ ನಿಲ್ಲಿಸದೆ ಕೇಳಿಸಿಕೊಂಡಳು. ಮುಗಿದ ಮೇಲೆ ಯಂತ್ರ ನಿಂತಿತು. "ನನ್ನ ಮಗಳಿಗೂ ಕೊಟ್ಟಿದ್ದೆ, ಅವಳಿಗೂ ಕೈನೋವು ಅಂತ" ಎಂದಳು. ಅಷ್ಟೇ. ಬೈಗುಳವಿಲ್ಲ, ಏನಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡಳು. ಮಗಳ ಮನೆಗೆ ಹೋಗುತ್ತೇನೆಂದಳು.

ಆಮೇಲೆ ನಿವೃತ್ತ ಮೇಷ್ಟ್ರು. ಅವರು ನನ್ನ ಮೇಲೆಯೇ ಹಾರಿಬಿದ್ದರು. "ಮಾತ್ರೆ ಕಂಪನಿಯವರು ನಿನಗೆ ಎಷ್ಟು ಕೊಟ್ಟರು? ವಯಸ್ಸಾದ ತಂದೇನ ಹೆದರಿಸಿ ಮನೆಮನೆಗೆ ಎಳ್ಕೊಂಡು ತಿರುಗ್ತಿದೀಯಲ್ಲ, ನಾಚಿಕೆ ಆಗಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಮುದುಕ ಹೇಳಿದ, "ಮೇಷ್ಟ್ರೇ, ಅವಳು ಹೆದರಿಸಿಲ್ಲ. ನನ್ನ ಬೇರೇ ನನ್ನ ಹೆದರಿಸಿದೆ."

"ನನ್ನ ಕೀಲುನೋವು ಹೋಗಿದ್ದು ಸುಳ್ಳಾ ಹಂಗಾದ್ರೆ?"

"ಸುಳ್ಳಲ್ಲ. ಅದೇ ಆಗಿದ್ದು. ನೋವು ನಿಜವಾಗ್ಲೂ ಹೋಗ್ತಿತ್ತು, ಅದಕ್ಕೇ ಯಾರೂ ನಿಲ್ಲಿಸ್ಲಿಲ್ಲ. ನಾನೂ ನಿಲ್ಲಿಸ್ಲಿಲ್ಲ. ದಯವಿಟ್ಟು ಒಂದ್ಸಲ ರಕ್ತ ಕೊಟ್ಟು ನೋಡಿ ಮೇಷ್ಟ್ರೇ. ಏನೂ ಇಲ್ಲ ಅಂದ್ರೆ ಬಂದು ನನ್ನ ಕೆನ್ನೆಗೆ ಹೊಡೀರಿ."

ಮೇಷ್ಟ್ರು ಬಾಗಿಲು ಹಾಕಿಕೊಂಡರು. ಮುದುಕ ಮುಚ್ಚಿದ ಬಾಗಿಲಿಗೇ ಇನ್ನೊಮ್ಮೆ ಎಲ್ಲವನ್ನೂ ಹೇಳಿದರು. ಕಿಡ್ನಿ ಡಾಕ್ಟರಮ್ಮ ಕೂರುವ ದಿನ, ಕೊಠಡಿ, ಏನು ಕೇಳಬೇಕು, ಎಲ್ಲ. ಗಂಟಲು ಒಣಗಿತ್ತು. ನೀರಿನ ಬಾಟಲಿ ಕೊಟ್ಟೆ. ಬಾಗಿಲಾಚೆಯವರಿಗೆ ಕೇಳಿಸಬೇಕಲ್ಲ, ಅದಕ್ಕೆ.

ಏಪ್ರಿಲ್ 9, ಬುಧವಾರ

ಆರೋಗ್ಯ ಇಲಾಖೆಯ ಕಚೇರಿಗೆ ಹೋಗಿದ್ದೆ. ಬೇರೆ ಅಂಗಡಿಗಳಲ್ಲೂ ಕಹಿಬೇರು ಮಾರುತ್ತಿದ್ದಾರಲ್ಲ. ಅಧಿಕಾರಿ ನನ್ನ ಮಾತು ಪೂರ್ತಿ ಕೇಳಿ, "ಇದು ಆಹಾರದ ವಿಭಾಗಕ್ಕೆ ಬರುತ್ತೋ ಔಷಧದ ವಿಭಾಗಕ್ಕೆ ಬರುತ್ತೋ ಮೊದಲು ತೀರ್ಮಾನ ಆಗ್ಬೇಕು" ಎಂದ. ಯಾರು ತೀರ್ಮಾನ ಮಾಡುತ್ತಾರೆ? ಅದೂ ತೀರ್ಮಾನ ಆಗಬೇಕಂತೆ. ಅಲ್ಲಿಯೂ ಕೂಗಾಡಿದೆ. ನಾಳೆ ಮತ್ತೆ ಹೋಗುತ್ತೇನೆ. ನಾಡಿದ್ದೂ. ನನ್ನ ಮುಖ ಕಂಡರೆ ಅವನಿಗೆ ಹೊಟ್ಟೆನೋವು ಬರಬೇಕು.

ಏಪ್ರಿಲ್ 13, ಭಾನುವಾರ

ಇವತ್ತು ಬಡಗಿಯ ಮನೆ. ಬೇರು ಕುಡಿದದ್ದು ಅವನಲ್ಲ, ಅವನ ಅಣ್ಣ. ಅಣ್ಣ ಹೋದ ವರ್ಷ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ತೀರಿಹೋದನಂತೆ. ನಮಗೆ ಗೊತ್ತೇ ಇರಲಿಲ್ಲ. ಮರದ ಪುಡಿಯ ನಡುವೆ ನಿಂತು ಬಡಗಿ ಎಲ್ಲವನ್ನೂ ಕೇಳಿದ. ಉಳಿಯನ್ನು ಪಕ್ಕಕ್ಕಿಟ್ಟ. ನೆಟ್ಟಗೆ ಬಂದು ಅಪ್ಪನ ಕೊರಳಪಟ್ಟಿ ಹಿಡಿದ.

"ನಮ್ಮಣ್ಣ ನಿನ್ನ ದೇವರು ಅಂತಿದ್ದ ಕಣೋ! ಸಾಯೋ ವಾರದಲ್ಲೂ ನಿನ್ನ ಬೇರು ತರ್ಸು ಅಂತಿದ್ದ! ಈಗ ಬಂದು ಗೊತ್ತಿರ್ಲಿಲ್ಲ ಅಂತೀಯಾ? ಗೊತ್ತಿಲ್ಲದೋನು ಯಾಕೋ ಕೊಟ್ಟೆ?"

ಅಪ್ಪ ಬಿಡಿಸಿಕೊಳ್ಳಲು ನೋಡಲೇ ಇಲ್ಲ. ಕೈ ಕೆಳಗೆ ಬಿಟ್ಟು ನಿಂತಿದ್ದರು, ಹೊಡೆಯಲಿ ಎಂದು ಕಾಯುವವರ ಹಾಗೆ. ನಾನು ನಡುವೆ ನುಗ್ಗಿದೆ. "ಕೈ ತೆಗಿ! ವಯಸ್ಸಾದೋರ ಮೇಲೆ ಕೈ ಮಾಡ್ತೀಯಾ? ಹೇಳದೆ ಮನೇಲಿ ಕೂತಿರಬಹುದಿತ್ತು, ಬಂದು ಹೇಳ್ತಿದಾರೆ!" ಇನ್ನೂ ಏನೇನೋ ಅಂದೆ. ಬಡಗಿ ಕೈ ಬಿಟ್ಟ. ಮರದ ದಿಮ್ಮಿಯ ಮೇಲೆ ಕೂತು ಮುಖ ಮುಚ್ಚಿಕೊಂಡ. ಅಪ್ಪ ಅವನ ಪಕ್ಕ ಕೂತರು. ನಾನು ಹೊರಗೆ ಗಾಡಿಯ ಬಳಿ ಕಾದೆ.

ಬಡಗಿ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಹೇಳುವ ರೀತಿ ಎಂದು ಒಂದಿರುತ್ತದೆ.

ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಮನೆಗೆ ಬಂದು ಹಾಕಿಕೊಟ್ಟೆ. ಹರಿದ ಅಂಗಿಯಲ್ಲಿ ಊರು ಸುತ್ತಿದರೆ ನನಗಲ್ಲವೇ ಕೆಟ್ಟ ಹೆಸರು.

ಏಪ್ರಿಲ್ 17, ಗುರುವಾರ

ರಸಾಯನದ ಮೇಡಂ ತಾವಾಗಿಯೇ ಅಂಗಡಿಗೆ ಬಂದಿದ್ದರು. ಉಳಿದ ಡ್ರಾಯರುಗಳಲ್ಲಿ ಏನಿದೆ ನೋಡೋಣ ಎಂದು. ಅಪ್ಪ ಒಂದೊಂದನ್ನೇ ಎಳೆದು, "ಇದು?" ಎಂದು ಕೇಳುತ್ತಿದ್ದರು. ಇದು ಪರವಾಗಿಲ್ಲ. ಇದು ಹೊಟ್ಟೆಗೆ ಒಳ್ಳೆಯದೇ. ಇದರ ಬಗ್ಗೆ ಯಾರೂ ಸರಿಯಾಗಿ ನೋಡಿಲ್ಲ. ಇದನ್ನು ಬಸುರಿಯರಿಗೆ ಕೊಡಬಾರದು. ಸುಮಾರು ಡ್ರಾಯರುಗಳಾದ ಮೇಲೆ ಅಪ್ಪನ ಕೈ ನಿಂತಿತು.

"ಕಹಿಬೇರಿನ ವಿಷಯ ನಿಮಗೆ ಯಾವಾಗಿಂದ ಗೊತ್ತು?"

"ನಮ್ಮವರಿಗೆ ಗೊತ್ತಾಗಿ ಬಹಳ ವರ್ಷ ಆಯ್ತು."

"ಪುಸ್ತಕದಲ್ಲಿತ್ತಾ?"

"ಇತ್ತು."

"ನಿಮ್ಮ ಕಾಲೇಜು ಇಲ್ಲಿಂದ ಎರಡು ಬಸ್ ಸ್ಟಾಪು." ಅಪ್ಪನ ದನಿ ಏರಿದ್ದನ್ನು ನಾನು ಕೇಳಿದ್ದೇ ಕಡಿಮೆ. "ನಾನು ಬಾಗಿಲು ತೆಗ್ದು ಕೂತಿದ್ದೆ ತಾಯಿ, ದಿನಾ! ನಿಮ್ಮಲ್ಲಿ ಒಬ್ಬರೂ ಬಂದು, ಏನಯ್ಯ ಕೊಡ್ತಿದೀಯ, ತೋರ್ಸು ಅನ್ಲಿಲ್ಲ. ನಮ್ಮನ್ನ ದಡ್ಡರು ಅಂದ್ಕೊಂಡು ನೀವು ಆ ಕಡೆ ಹೋದ್ರಿ. ನಿಮಗೇನು ಗೊತ್ತು ಅಂತ ನಾನು ಈ ಕಡೆ ಹೋದೆ. ನಡುವೆ ನನ್ನ ಮಗು ಸಿಕ್ಕೊಳ್ತು."

ಮೇಡಂ ತಲೆ ತಗ್ಗಿಸಿದರು. "ಬರಬೇಕಿತ್ತು" ಎಂದರು. ಸರಿಯಾಗಿ ಕೇಳಿದರು ಅಪ್ಪ. ನನಗೂ ಹೊಳೆದಿರಲಿಲ್ಲ. ಆ ಅಧಿಕಾರಿಗೆ ನಾಳೆ ಇದನ್ನೇ ಕೇಳುತ್ತೇನೆ.

ಏಪ್ರಿಲ್ 22, ಮಂಗಳವಾರ

ಪುಟ್ಟಿಗೆ ಕಿಡ್ನಿ ಕೊಡಲು ನನ್ನ ಪರೀಕ್ಷೆಗಳು ನಡೆಯುತ್ತಿವೆ. ಅಪ್ಪ ತಾನೂ ಕೊಡುತ್ತೇನೆಂದು ಹಟ ಹಿಡಿದಿದ್ದರು. ವಯಸ್ಸಾಯಿತು, ಆಗುವುದಿಲ್ಲ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಬಾಯಿ ಮುಚ್ಚಿಸಲು ರಕ್ತ ತೆಗೆದು ನೋಡಿದರು.

ಅವರದೂ ಅರ್ಧಕ್ಕಿಂತ ಹೆಚ್ಚು ಹೋಗಿದೆ.

ಹೋಗದೆ ಇರುತ್ತದೆಯೇ? ಪ್ರತಿ ಸಲ ಹದ ನೋಡಲು ತಾವೇ ಮೊದಲು ಕುಡಿಯುತ್ತಿದ್ದರು. ಮಂಡಿನೋವು ಬೇರೆ. ಇಷ್ಟು ದಿನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ತಿರುಗಿದ ನನಗೆ ಅವರು ಬಿಳಿಚಿಕೊಂಡದ್ದು ಕಾಣಲಿಲ್ಲವೇ? ಊಟ ಸೇರುತ್ತಿಲ್ಲ ಎಂದಾಗ ಸಂಕಟಕ್ಕೆ ಎಂದುಕೊಂಡೆ.

ಕೇಳಿ ಅಪ್ಪ ನಕ್ಕರು! "ಬಿಡಮ್ಮ, ಒಳ್ಳೇದೇ ಆಯ್ತು. ಮೇಷ್ಟ್ರಿಗೆ ತೋರ್ಸೋಕೆ ನನ್ನ ಹತ್ರನೂ ಒಂದು ರಿಪೋರ್ಟ್ ಆಯ್ತು" ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲೇ ಬೈದೆ. ನರ್ಸು ಬಂದು ಮೆತ್ತಗೆ ಎಂದಳು. ಅವಳಿಗೂ ಬೈದೆ.

ಏಪ್ರಿಲ್ 30, ಬುಧವಾರ

ಮೇಷ್ಟ್ರು ರಕ್ತ ಕೊಟ್ಟರು. ರಿಪೋರ್ಟ್ ನೋಡಿ ಅಲ್ಲ, ಅಪ್ಪನ ಮುಖದ ಬಣ್ಣ ನೋಡಿ. ಅವರ ಕಿಡ್ನಿಗೆ ಏಟು ಬಿದ್ದಿದೆ, ಆದರೆ ಸಮಯಕ್ಕೆ ಸಿಕ್ಕಿತು ಎಂದರಂತೆ ಡಾಕ್ಟರಮ್ಮ. ಟೈಲರಮ್ಮನಿಗೆ ಏನೂ ಆಗಿಲ್ಲ, ಆದರೂ ವರ್ಷ ವರ್ಷ ಬಂದು ತೋರಿಸಿಕೊಳ್ಳಬೇಕು. ಅವಳ ಮಗಳಿಗೆ ಆಗಿದೆ. ಟೈಲರಮ್ಮ ಇವತ್ತು ಅಂಗಡಿಯ ಮುಚ್ಚಿದ ಬಾಗಿಲಿಗೆ ಬಂದು ಅರ್ಧ ಬೀದಿ ಕೇಳುವ ಹಾಗೆ ಬೈದು ಹೋದಳು. ಅಪ್ಪ ಒಳಗಿದ್ದು ಎಲ್ಲ ಕೇಳಿಸಿಕೊಂಡರು. ಬೈಯಲಿ. ಅವಳಿಗೆ ಆ ಹಕ್ಕಿದೆ. ನನಗೂ ಇದೆ. ಬಿಟ್ಟರೆ ಇನ್ನಾರಿಗೂ ಇಲ್ಲ.

ಮೇ 14, ಬುಧವಾರ

ನನ್ನ ಕಿಡ್ನಿ ಪುಟ್ಟಿಗೆ ಹೊಂದುತ್ತದೆ. ಒಂದೂ ಕಲೆಯಿಲ್ಲದೆ ಚೆನ್ನಾಗಿವೆಯಂತೆ ಎರಡೂ. "ನೀವು ಆ ಮನೇಲೇ ಬೆಳೆದೋರು, ಬೇರು ಕುಡೀಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು. ಕುಡಿಸಲು ಬಂದಾಗಲೆಲ್ಲ ಉಗಿದು ಓಡುತ್ತಿದ್ದೆ. ಜಾಣತನವಲ್ಲ, ಕಹಿ ಕಂಡರೆ ಆಗುತ್ತಿರಲಿಲ್ಲ. ಪುಟ್ಟಿ ಹೇಳಿದ ಮಾತು ಕೇಳುವ ಮಗು, ಕಣ್ಣು ಮುಚ್ಚಿ ಕುಡಿದುಬಿಡುತ್ತಿದ್ದಳು.

ಆಪರೇಷನ್ ಮುಂದಿನ ತಿಂಗಳು. ಪುಟ್ಟಿಗೆ ಹೇಳಿದೆ. "ನಿನ್ನ ಕಿಡ್ನಿ ಬಂದ್ರೆ ನಿನ್ನ ಕೋಪನೂ ಬರುತ್ತಾ ಅಕ್ಕ?" ಎಂದಳು. ಬಂದರೆ ಒಳ್ಳೆಯದು, ನಿನಗೆ ಸ್ವಲ್ಪ ಬೇಕು ಎಂದೆ. ಆಮೇಲೆ ಇಬ್ಬರೂ ಅತ್ತೆವು. ಪಕ್ಕದ ಹಾಸಿಗೆಯವರು ಪರದೆ ಎಳೆದುಕೊಂಡರು.

ಮೇ 25, ಭಾನುವಾರ

ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ನಾಳೆ ಅಪ್ಪನಿಗೆ ಕಿಡ್ನಿಯ ಪರೀಕ್ಷೆ ಇದೆ, ಇವತ್ತು ಮನೆಯಲ್ಲೇ ಇರಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿಸಿಲಿಗೆ ಹೋಗಬೇಡಿ ಎಂದು ಹೇಳಿ ಹೇಳಿ ಸಾಕಾಗಿತ್ತು. ಮಧ್ಯಾಹ್ನ ಹೋಗಿ ನೋಡಿದರೆ ಮನೆಗೆ ಬೀಗ. ಊಟ ಕಳಿಸಿದ ಡಬ್ಬಿ ಹಾಗೆಯೇ ಕಟ್ಟೆಯ ಮೇಲೆ. ಫೋನು ಒಳಗೇ ಬಡಿದುಕೊಳ್ಳುತ್ತಿದೆ. ಆಸ್ಪತ್ರೆಗೆ ಓಡಿದೆ, ಇಲ್ಲ. ಬಡಗಿಯ ಮನೆಗೆ ಹೋದೆ. ಅಪ್ಪ ಈಚೆಗೆ ಅಲ್ಲಿ ಹೋಗಿ ಸುಮ್ಮನೆ ಕೂರುತ್ತಾರೆ. ಅವನೇ ಹೇಳಿದ, "ಊರಾಚೆ ಇಟ್ಟಿಗೆ ಗೂಡಿನ ಹತ್ರ ಒಬ್ಬ ಅಜ್ಜಿ ಇದಾರಂತೆ, ಈಗ ನೆನಪಾಯ್ತು ಅಂತ ಬಸ್ ಹತ್ತಿದ್ರು. ನಾನು ಬರ್ತೀನಿ ಅಂದ್ರೂ ಕೇಳ್ಲಿಲ್ಲ."

ಬಸ್ಸು! ಈ ಮಂಡಿ ಇಟ್ಟುಕೊಂಡು!

ಗೂಡಿನ ಪಕ್ಕದ ಸಾಲುಮನೆಗಳಲ್ಲಿ ಕೊನೆಯದು. ಮೆಟ್ಟಿಲ ಮೇಲೆ ನೆರಳೂ ಇಲ್ಲದ ಜಾಗದಲ್ಲಿ ಅಪ್ಪ ಕೂತಿದ್ದರು. ಮುಖ ಕಾಗದದ ಹಾಗೆ. ಒಳಗಿನ ಅಜ್ಜಿ ಕೈನೋವಿಗೆ ಬೇರು ಕುಡಿದವಳು, ರಕ್ತ ಕೊಡಲು ಬರುವುದಿಲ್ಲ, ಸೂಜಿ ಎಂದರೆ ಭಯ ಎಂದಿದ್ದಾಳೆ. ಬರುವ ತನಕ ಏಳುವುದಿಲ್ಲ ಎಂದು ಇವರು ಬೆಳಗಿನಿಂದ ಅಲ್ಲೇ.

ನಡುಬೀದಿಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. "ನಿಮಗೆ ಏನಾದ್ರೂ ಆದ್ರೆ ಯಾರಪ್ಪ ಗತಿ? ಊಟ ಇಲ್ಲ, ನೀರಿಲ್ಲ, ಹೇಳೋದಿಲ್ಲ, ಕೇಳೋದಿಲ್ಲ! ಅಮ್ಮನ್ನ ಕಳ್ಕೊಂಡಾಯ್ತು, ಪುಟ್ಟಿ ಮಲಗಿದಾಳೆ, ಇನ್ನು ನಿಮ್ಮನ್ನೂ ಇಲ್ಲೇ ಮೆಟ್ಟಿಲ ಮೇಲೆ ಹುಡುಕ್ಬೇಕಾ ನಾನು?" ಅಪ್ಪ ತಲೆ ಎತ್ತಿ ನೋಡುತ್ತ ಕೂತಿದ್ದರು. ನೀರಿನ ಬಾಟಲಿ ಬಾಯಿಗಿಟ್ಟೆ. ಕುಡಿದರು.

ಬಾಗಿಲು ತೆರೆಯಿತು. ಅಜ್ಜಿ ಗಿಡ್ಡನೆಯ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ.

"ಏಯ್, ಸಾಕು ಮಾಡಮ್ಮ. ಹೆತ್ತಪ್ಪನ್ನ ಹಿಂಗಾ ಬೈಯೋದು? ಪಾಪ, ಬೆಳಗಿಂದ ಒಂದೇ ಮಾತು ಹೇಳ್ತಾ ಕೂತವ್ರೆ, ಕ್ಷಮಿಸು, ರಕ್ತ ಕೊಡು, ಕ್ಷಮಿಸು, ರಕ್ತ ಕೊಡು ಅಂತ. ಬರ್ತೀನಿ ನಡಿ. ಚುಚ್ಚಿಸ್ಕೊಂಡೇ ಬಿಡ್ತೀನಿ. ನಿಮ್ಮಿಬ್ಬರ ಗಲಾಟೆಗಿಂತ ಸೂಜಿನೇ ವಾಸಿ."

ಅಜ್ಜಿಯನ್ನು ಹಿಂದೆ ಕೂರಿಸಿ, ಅಪ್ಪನನ್ನು ತೋಳು ಹಿಡಿದು ಎಬ್ಬಿಸಿದೆ. ಜೋತುಬಿದ್ದ ಅಂಗಿಯಷ್ಟು ಹಗುರಾಗಿದ್ದರು. ಸಿಟ್ಟಿನಲ್ಲಿ ಬಾಗಿಲು ದಡಾರನೆ ಹಾಕಿದೆ. ಭಾನುವಾರವಾದರೂ ತುರ್ತು ವಿಭಾಗದಲ್ಲಿ ರಕ್ತ ತೆಗೆದುಕೊಂಡರು. ಸೂಜಿ ಚುಚ್ಚಿದಾಗ ಅಜ್ಜಿ ಅಪ್ಪನ ಕೈ ಹಿಡಿದುಕೊಂಡಿದ್ದಳು.

ರಾತ್ರಿ ಅಪ್ಪನನ್ನು ಅವರ ಮನೆಗೆ ಬಿಡಲಿಲ್ಲ. ನಮ್ಮಲ್ಲೇ ಮಲಗಿದ್ದಾರೆ. ನನ್ನ ಎದುರಿಗೇ ಕೂರಿಸಿ ಊಟ ಮಾಡಿಸಿದೆ, ಸೇರಲ್ಲ ಎಂದರೂ ಬಿಡಲಿಲ್ಲ. ನಮ್ಮವರು ಏನೂ ಹೇಳದೆ ಕಿಟಕಿ ಮುಚ್ಚಿದರು.

ಬೆಳಗ್ಗೆ ಪರೀಕ್ಷೆ. ಇನ್ನೊಬ್ಬರು ನೆನಪಾದರು, ಮೊದಲು ಅಲ್ಲಿಗೆ ಹೋಗೋಣ ಎಂದು ಆಗಲೇ ರಾಗ ಎಳೆದಿದ್ದಾರೆ. ಹೋಗೋಣ, ಮಧ್ಯಾಹ್ನದ ಮೇಲೆ. ಮೊದಲು ಇವರ ರಕ್ತ. ಬರುವುದಿಲ್ಲ ಎಂದರೆ ಹೊತ್ತುಕೊಂಡಾದರೂ ಹೋಗುತ್ತೇನೆ.